ಹೊಳೆ ಬಂದ ದಿನ ಯಾರೂ ಎತ್ತದ ಫೋನು

ವರದಾ ಹೊಳೆ ಮೊದಲ ಸಲ ನಮ್ಮೂರೊಳಗೆ ನುಗ್ಗಿದಾಗ ನಾನೂ ಅತ್ತೆಯೂ ಎರಡು ದಿನ ಊರ ಶಾಲೆಯ ಮಾಳಿಗೆಯ ಮೇಲೆ ಕುಳಿತಿದ್ದೆವು. ಹಾವೇರಿಗೆ ಕಾಲೇಜಿಗೆ ಹೋಗಿದ್ದ ಮಗಳು ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಆಚೆ ದಂಡೆಯ ಹೊಲಕ್ಕೆ ಹೋಗಿದ್ದ ಗಂಡ ಅಲ್ಲೇ ಸಿಕ್ಕಿಕೊಂಡಿದ್ದರು. ಕರೆಂಟು ಹೋಗಿ, ಟವರೂ ಸತ್ತುಹೋಗಿ, ಎಲ್ಲರ ಕೈಯಲ್ಲೂ ಫೋನಿದ್ದರೂ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ. ಮೂರನೆಯ ದಿನ ನೀರಿಳಿದು, ನಾಲ್ವರೂ ಮನೆಯ ಕೆಸರಿನಲ್ಲಿ ನಿಂತು ಮುಖ ಮುಖ ನೋಡಿಕೊಂಡಾಗ ಅತ್ತೆ ಒಂದೇ ಮಾತು ಹೇಳಿದರು: "ಬದುಕಿ ಉಳದೇವಲ್ಲ, ಸಾಕು." ಉಳಿದ ಇಬ್ಬರಿಗೂ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ. ನನ್ನ ತಲೆಬೇನೆ ಶುರುವಾದದ್ದೇ ಅಲ್ಲಿಂದ.

ಮುಂದಿನ ಬೇಸಿಗೆಯಲ್ಲಿ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಹಾವೇರಿಗೆ ಒಂದು ದಿನದ ತರಬೇತಿಗೆ ಕರೆದರು. ನೆರೆ ಬಂದರೆ ಏನು ಮಾಡಬೇಕು ಎನ್ನುವುದು ವಿಷಯ. ಪಾಠ ಹೇಳಿದ ಹೆಣ್ಣುಮಗಳು ಎರಡೇ ಮಾತನ್ನು ತಿರುತಿರುಗಿ ಹೇಳಿದಳು. ಮೊದಲನೆಯದು, ಬೇಕಾದದ್ದೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಹತ್ತಿರ ಇಡಬೇಕು. ಎರಡನೆಯದು, ಹೊಳೆಯ ಕಾಟವಿಲ್ಲದ ಊರಿನಲ್ಲಿರುವ ಒಬ್ಬ ಬೀಗರನ್ನೋ ಬಂಧುವನ್ನೋ ಗೊತ್ತು ಮಾಡಿಕೊಳ್ಳಬೇಕು. "ನೀವು ನೀವ ಒಬ್ಬರನ್ನೊಬ್ರು ಹುಡುಕಬ್ಯಾಡ್ರಿ. ಎಲ್ಲಾರೂ ಅವ್ರೊಬ್ರಿಗೇ ಫೋನ್ ಮಾಡ್ರಿ. ಉಳದವ್ರಿಗೆ ಅವ್ರು ಹೇಳ್ತಾರ" ಎಂದಳು. ನಾನು ಎಲ್ಲವನ್ನೂ ಬರೆದುಕೊಂಡೆ. ಬರುವಾಗ ಬಸ್ಸಿನಲ್ಲಿ ನನ್ನ ಜೊತೆಯವರು ಅಲ್ಲಿ ಕೊಟ್ಟ ಉಪ್ಪಿಟ್ಟಿನ ರುಚಿಯ ಬಗ್ಗೆಯೇ ಮಾತಾಡಿದರು.

ನಾನು ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಟ್ರಂಕು ಖಾಲಿ ಮಾಡಿದೆ. ಬ್ಯಾಟರಿ, ಅದಕ್ಕೆ ಹೊಸ ಸೆಲ್ಲು, ಮೇಣಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ನೈಲಾನ್ ಹಗ್ಗ, ಬಿಸ್ಕಿಟು, ಅವಲಕ್ಕಿ, ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ ಹದಿನೈದು ದಿನಕ್ಕಾಗುವಷ್ಟು, ರೇಷನ್ ಕಾರ್ಡು, ಆಧಾರು, ಹೊಲದ ಉತಾರದ ಪ್ರತಿಗಳು. ಮುಚ್ಚಳದ ಒಳಗೆ ಎಲ್ಲರ ಫೋನ್ ನಂಬರು ದಪ್ಪಕ್ಷರದಲ್ಲಿ ಬರೆದು, ನೀರು ಹತ್ತದಂತೆ ಲ್ಯಾಮಿನೇಶನ್ ಮಾಡಿಸಿ ಅಂಟಿಸಿದೆ. ಟ್ರಂಕನ್ನು ನಡುಮನೆಯ ಬಾಗಿಲ ಪಕ್ಕ ಇಟ್ಟೆ.

ಅದು ಅಲ್ಲಿಟ್ಟ ದಿನದಿಂದ ಮನೆಯವರಿಗೆಲ್ಲ ಕೈಗೆ ಸಿಗುವ ಗೋದಾಮಾಯಿತು. ನಮ್ಮದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಯಾರಾದರೂ ಗಿರಾಕಿ ಸೆಲ್ಲು ಕೇಳಿದಾಗ ಅಂಗಡಿಯಲ್ಲಿ ಇಲ್ಲದಿದ್ದರೆ ಗಂಡ ಟ್ರಂಕಿನಿಂದ ತೆಗೆದು ಕೊಡುತ್ತಿದ್ದರು.

"ಅದು ಹೊಳಿ ಬಂದಾಗ ಬೇಕಾಗೋದ್ರೀ" ಎಂದರೆ, "ಹೊಳಿ ಇವತ್ತ ಬರಾಂಗಿಲ್ಲ, ಗಿರಾಕಿ ಇವತ್ತ ಬಂದಾನ" ಎನ್ನುವರು.

ಮಗಳಿಗೆ ಓದುವಾಗ ಹಸಿವಾದರೆ ಬಿಸ್ಕಿಟಿದ್ದದ್ದು ಟ್ರಂಕಿನಲ್ಲೇ. ಅತ್ತೆಗಂತೂ ಬಿಸ್ಕಿಟು ಅವಲಕ್ಕಿ ಕಂಡರೆ ಸಿಟ್ಟು. "ಇವು ಯಾವ ಹೊಟ್ಟಿಗೆ ಸಾಲ್ತಾವ? ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಡು, ತಿಂಗಳಾದ್ರೂ ಕೆಡಾಂಗಿಲ್ಲ" ಎಂದರು. ಇದೊಂದು ಮಾತು ಖರೆ ಅನ್ನಿಸಿ ರೊಟ್ಟಿಯನ್ನೂ ಇಟ್ಟೆ. ನಾಲ್ಕು ದಿನದಲ್ಲಿ ಅವರೇ ತೆಗೆದು ತಿಂದರು. ಕೇಳಿದರೆ, "ಮೆತ್ತಗಾಗ್ಯಾವೇನೋ ಅಂತ ನೋಡಿದ್ನಿ" ಎಂದರು. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ನಾನು ಟ್ರಂಕು ತೆಗೆದು, ಹೋದದ್ದನ್ನು ತುಂಬಿ, ಮೂವರಿಗೂ ಒಂದಿಷ್ಟು ಬೈದು ಮುಚ್ಚುತ್ತಿದ್ದೆ. ಬೈಗುಳಕ್ಕೂ ಅವರು ಒಗ್ಗಿಹೋದರು.

ಸುದ್ದಿ ಮುಟ್ಟಿಸುವ ಕೆಲಸಕ್ಕೆ ರಾಣೆಬೆನ್ನೂರಿನ ನನ್ನ ಅಣ್ಣನನ್ನು ಗೊತ್ತು ಮಾಡಿದ್ದೆ. ಅವನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಇಡೀ ದಿನ ಹಣದ ಗಲ್ಲೆಯ ಮೇಲೆ ಕುಳಿತಿರುತ್ತಾನೆ, ಫೋನು ಕಣ್ಣ ಮುಂದೆಯೇ ಇರುತ್ತದೆ. ಖುದ್ದಾಗಿ ಹೋಗಿ ತಿಳಿಸಿ ಹೇಳಿದ್ದೆ.

"ಹೊಳಿ ಬಂದ್ರ ನಾವ್ ನಾಲ್ಕೂ ಮಂದಿ ನಿನಗ ಫೋನ್ ಮಾಡ್ತೇವಿ. ಯಾರ್ ಎಲ್ಲಿ ಅದೀವಿ ಅಂತ ನೀ ಬರದಿಟ್ಕೊಂಡು ಉಳದವ್ರಿಗೆ ಹೇಳ್ಬೇಕು."

"ಅಷ್ಟ ಹೌದಿಲ್ಲೋ? ಅದೇನ್ ದೊಡ್ಡ ಕೆಲಸ" ಎಂದು ಚಹಾ ತರಿಸಿದ್ದ.

ಎರಡನೆಯ ಸಲ ಹೊಳೆ ಬಂದ ವರ್ಷ ಅತ್ತೆಗೆ ಕಣ್ಣಿನ ಆಪರೇಶನ್ ಆಗಿತ್ತು. ಆ ಓಡಾಟದಲ್ಲಿ ಎರಡು ಅಮಾವಾಸ್ಯೆ ನಾನು ಟ್ರಂಕು ತೆಗೆದು ನೋಡಲಿಲ್ಲ. ಮೇಲೆ ಘಟ್ಟದ ಕಡೆ ವಾರಗಟ್ಟಲೆ ಮಳೆ. ಆ ದಿನ ಬೆಳಿಗ್ಗೆ ಗಂಡ ಎಂದಿನಂತೆ ಸಾಮಾನು ತರಲು ರಾಣೆಬೆನ್ನೂರಿಗೆ ಹೊರಟು ನಿಂತರು. "ಹೊಳಿ ಏರಾಕತ್ತೈತಿ, ಇವತ್ತ ಬ್ಯಾಡ್ರಿ" ಎಂದೆ. "ಮಧ್ಯಾಹ್ನಕ್ಕ ಬರ್ತೇನಿ" ಎಂದು ಹೋದರು. ಮಗಳೂ ಪರೀಕ್ಷೆ ಇದೆಯೆಂದು ಹಾವೇರಿ ಬಸ್ಸು ಹತ್ತಿದಳು. ಹನ್ನೊಂದರ ಹೊತ್ತಿಗೆ ಪಂಚಾಯಿತಿಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು, ಹೊಳೆಯ ಕಡೆಯ ಓಣಿಯವರೆಲ್ಲ ಲಗೂ ಎದ್ದು ಪಕ್ಕದೂರಿನ ಹೈಸ್ಕೂಲಿಗೆ ನಡೆಯಬೇಕೆಂದು ಸಾರಿದರು. ಓಣಿಯ ತುದಿಯಲ್ಲಿ ಆಗಲೇ ನೀರು ಕಾಣುತ್ತಿತ್ತು.

ನಾನು ಗಾಬರಿಯಾಗಲಿಲ್ಲ. ಅದನ್ನು ಹೇಳಲೇಬೇಕು. ಎಮ್ಮೆಯ ಹಗ್ಗ ಬಿಚ್ಚಿ ಮೇಲೋಣಿಯವರ ಕೊಟ್ಟಿಗೆಗೆ ಅಟ್ಟಿದೆ, ಅಂಗಡಿಯ ಕೆಳಗಿನ ಹಲಗೆಯ ಚೀಲಗಳನ್ನು ಕೈಲಾದಷ್ಟು ಮೇಲಿಟ್ಟೆ, ಅತ್ತೆಯ ಕೈ ಹಿಡಿದೆ. ಓಣಿಯ ಇಬ್ಬರು ಗಂಡಸರು ಟ್ರಂಕನ್ನು ಹೊತ್ತು ಟ್ರ್ಯಾಕ್ಟರಿಗೆ ಹಾಕಿದರು. ಬರೀ ಗಂಟು ಕಟ್ಟಿಕೊಂಡು ಬಂದವರೆಲ್ಲ ನನ್ನ ಟ್ರಂಕನ್ನು ನೋಡುತ್ತಿದ್ದರು. ಒಬ್ಬಳು, "ಅಕ್ಕಾರು ಎಲ್ಲಾ ತಯಾರಿ ಮಾಡ್ಕೊಂಡಾರ ನೋಡ್ರಿ" ಎಂದಳು. ಸುಳ್ಳು ಹೇಳುವುದೇಕೆ, ನನಗೆ ಹೆಮ್ಮೆಯಾಯಿತು.

ಹೈಸ್ಕೂಲಿನ ಒಂದು ಕೋಣೆಯಲ್ಲಿ ಎಂಟು ಮನೆಯವರು ಇಳಿದೆವು. ಮಧ್ಯಾಹ್ನ ಅತ್ತೆಯ ಗುಳಿಗೆಯ ಹೊತ್ತಾಯಿತು. ಎಲ್ಲರ ಎದುರೇ ಟ್ರಂಕಿನ ಮುಚ್ಚಳ ತೆಗೆದೆ. ಮೇಲೆಯೇ ಹಳದಿ ಕೆಂಪು ಪ್ಲಾಸ್ಟಿಕ್ ಹೂವಿನ ಹಾರಗಳು. ಗಣಪತಿ ಹಬ್ಬಕ್ಕೆ ಮಾರಲೆಂದು ಗಂಡ ತಂದಿಟ್ಟವು. ಒಂದು, ಎರಡು, ಮೂರು ಎಂದು ತೆಗೆಯುತ್ತ ಹೋದೆ, ಹನ್ನೊಂದು ಹಾರ. ಅವುಗಳ ಕೆಳಗೆ ಸೆಲ್ಲಿಲ್ಲದ ಬ್ಯಾಟರಿ. ಹಗ್ಗವಿರಲಿಲ್ಲ, ನಾನೇ ಎರಡು ತಾಸಿನ ಹಿಂದೆ ಎಮ್ಮೆಯ ಕೊರಳಿಂದ ಬಿಚ್ಚಿ ನಮ್ಮ ಕೊಟ್ಟಿಗೆಯಲ್ಲಿ ಒಗೆದು ಬಂದದ್ದು ಅದೇ ನೈಲಾನ್ ಹಗ್ಗ ಎಂದು ಆಗ ಹೊಳೆಯಿತು. ಬಿಸ್ಕಿಟಿನ ಬರೀ ಪುಡಿ. ಗುಳಿಗೆಯ ಪ್ಯಾಕೆಟ್ಟುಗಳು ಖಾಲಿ ಇದ್ದವು, ಅವನ್ನೂ ಮಡಚಿ ನೀಟಾಗಿ ಇಟ್ಟಿದ್ದರು.

"ಅತ್ತೀ, ಗುಳಿಗಿ ಎಲ್ರಿ?"

"ಮನ್ಯಾಗಿನ್ವು ತೀರಿದ್ವಲ್ಲ, ಇವನ್ನ ತಗೊಂಡ್ನಿ. ನೀ ಕಣ್ಣಿನ ಔಷಧದ ಗದ್ಲದಾಗಿದ್ದಿ, ನಿನಗ್ಯಾಕ ತ್ರಾಸ ಅಂತ ಹೇಳ್ಲಿಲ್ಲ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಪರೇಶನ್ನಾದ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕುಳಿತ ಮುದುಕಿಯನ್ನು ಎಂಟು ಮನೆಯವರ ಮುಂದೆ ಹೇಗೆ ಬೈಯಲಿ? ಹಾರಗಳನ್ನು ತಿರುಗಿ ಒಳಗೆ ತುರುಕಿದೆ. ಗುಳಿಗೆಯನ್ನು ಸಂಜೆ ಬಂದ ಆರೋಗ್ಯ ಇಲಾಖೆಯ ನರ್ಸಮ್ಮ ಕೊಟ್ಟಳು, ಅದು ಬೇರೆ ಮಾತು.

ಕಾಗದಪತ್ರ ಬಿಟ್ಟರೆ ಟ್ರಂಕಿನಲ್ಲಿ ಉಳಿದಿದ್ದ ಒಂದೇ ಉಪಯೋಗದ ವಸ್ತು ಮುಚ್ಚಳಕ್ಕೆ ಅಂಟಿಸಿದ ನಂಬರಿನ ಹಾಳೆ. ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಕರೆಂಟಿನ ಕಂಬ ನೋಡಲು ಬಂದಿದ್ದ ಲೈನ್‌ಮನ್ ಒಬ್ಬನ ಫೋನು ಮಾಳಿಗೆಯ ಮೇಲೆ ಹೋದರೆ ಹತ್ತುತ್ತದೆಂದು ತಿಳಿದು, ಕೇಳಿಕೊಂಡೆ. ಪುಣ್ಯಾತ್ಮ ಕೊಟ್ಟ. ಗಂಡನ ಫೋನು ಬಂದ್ ಆಗಿತ್ತು. ಮಗಳ ನಂಬರಿಗೆ ಹಚ್ಚಿದರೆ ಯಾರೋ ಬೇರೆಯವರು ಎತ್ತಿ ರಾಂಗ್ ನಂಬರ್ ಎಂದರು; ನೆಟ್ ಹೆಚ್ಚು ಸಿಗುತ್ತದೆಂದು ಅವಳು ಸಿಮ್ಮು ಬದಲಿಸಿ ಐದಾರು ತಿಂಗಳಾಗಿತ್ತು, ಹೊಸ ನಂಬರು ನನ್ನ ಫೋನಿನಲ್ಲಿತ್ತೇ ಹೊರತು ಹಾಳೆಯ ಮೇಲಿರಲಿಲ್ಲ. ನನ್ನ ಫೋನಿನಲ್ಲಿ ಆ ಹೊಸ ನಂಬರು ನೋಡಿ ಲೈನ್‌ಮನ್‌ನ ಫೋನಿನಿಂದ ಹಚ್ಚಿದೆ. ಪರೀಕ್ಷೆಯ ಕೋಣೆಯಲ್ಲಿದ್ದಳೋ ಏನೋ, ಸ್ವಿಚ್ ಆಫ್.

ಇರಲಿ, ಇದಕ್ಕೇ ಅಲ್ಲವೇ ಅಣ್ಣ ಇರುವುದು ಎಂದುಕೊಂಡು ಅವನಿಗೆ ಹಚ್ಚಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲ ಅರ್ಧಕ್ಕೇ ಕಟ್ ಮಾಡಿದ. ನಾಲ್ಕನೆಯ ಸಲವೂ ಕಟ್ ಮಾಡಿದ. ಐದನೆಯ ಸಲ ಹಚ್ಚಿದಾಗ ಆ ನಂಬರಿನಿಂದ ಕರೆ ಹೋಗುವುದೇ ನಿಂತಿತು. ಲೈನ್‌ಮನ್ ಫೋನು ನೋಡಿ, "ಬ್ಲಾಕ್ ಮಾಡ್ಯಾರಂತ ಕಾಣ್ತೈತ್ರಿ ಅಕ್ಕಾರ" ಎಂದ.

ನಾನು ಮಾಳಿಗೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕೆಳಗೆ ಹೊಲಗಳಲ್ಲೆಲ್ಲ ಕೆಂಪು ನೀರು. ಮಧ್ಯಾಹ್ನಕ್ಕೆ ಬರುತ್ತೇನೆಂದವರು ಎಲ್ಲಿ ಬಂದು ನೀರಿಗೆ ಸಿಕ್ಕರೋ ಎಂಬ ಅಂಜಿಕೆ ಒಂದು ಕಡೆ, ನೀರಿಗೆ ಸಿಗದೆ ಬಂದರೆ ನಾನೇ ವಿಚಾರಿಸಿಕೊಳ್ಳುತ್ತೇನೆಂಬ ಸಿಟ್ಟು ಇನ್ನೊಂದು ಕಡೆ.

ಕೆಳಗೆ ಬಂದು ಅತ್ತೆಗೆ ಹೇಳಿದೆ. ಅವರು, "ಬ್ಯಾಡಗಿಗೆ ಹಚ್ಚು" ಎಂದರು.

"ಬ್ಯಾಡಗ್ಯಾಗ ನಮ್ಮವ್ರ ಯಾರದಾರ್ರಿ?"

"ದಲಾಲಿ ಅಂಗಡಿ ಐತಲ್ಲ. ನಂಬರ್ ಹೇಳ್ತೇನಿ, ಒತ್ತು."

ಅತ್ತೆಗೆ ಓದು ಬರುವುದಿಲ್ಲ. ಆದರೆ ಒಂದು ಕಾಲಕ್ಕೆ ನಮ್ಮ ಹೊಲದ ಮೆಣಸಿನಕಾಯಿಯ ವ್ಯವಹಾರವೆಲ್ಲ ಅವರದೇ. ಚೀಲ ಕಳಿಸುವ ಮೊದಲು ಊರ ಬೂತಿನಿಂದ ಬ್ಯಾಡಗಿಯ ದಲಾಲಿ ಅಂಗಡಿಗೆ ಫೋನು ಹಚ್ಚಿ ಧಾರಣೆ ಕೇಳುತ್ತಿದ್ದರಂತೆ. ಬೂತು ಹೋಗಿ ಎಷ್ಟೋ ವರ್ಷವಾದರೂ ಆ ಲ್ಯಾಂಡ್‌ಲೈನ್ ನಂಬರನ್ನು ಕೋಡ್ ಸಮೇತ, ಮಗ್ಗಿ ಹೇಳಿದಂತೆ, ಒಂದಂಕಿ ತಪ್ಪದೆ ಹೇಳಿದರು. ಲೈನ್‌ಮನ್‌ನನ್ನು ಮತ್ತೆ ಮಾಳಿಗೆಗೆ ಕರೆದೊಯ್ದೆ. ಎರಡನೆಯ ರಿಂಗಿಗೇ ಆ ಕಡೆಯಿಂದ, "ಹೇಳ್ರಿ" ಎಂಬ ಧ್ವನಿ ಬಂತು.

ನಾನು ಯಾರ ಸೊಸೆ, ಯಾವ ಊರು ಎಂದು ಹೇಳಿದೆ. ಸಾಹುಕಾರರು ಮೊದಲು ಕೇಳಿದ್ದು, "ಅಮ್ಮಾರು ಆರಾಮ ಅದಾರಿಲ್ಲೋ?" ಆಮೇಲೆ ನನ್ನ ಗೋಳೆಲ್ಲ ಕೇಳಿ, "ನಮ್ಮ ಲಾರಿ ಈಗ ರಾಣೆಬೆನ್ನೂರಿಗೆ ಹೊಂಟೈತಿ. ನಿಮ್ಮ ಅಣ್ಣಾರ ಅಂಗಡಿ ಎಲ್ಲಿ ಬರ್ತೈತಿ ಹೇಳ್ರಿ, ಡ್ರೈವರ್ ಖುದ್ದ ಹೋಗಿ ಹೇಳ್ತಾನ" ಎಂದರು.

ಮಾಳಿಗೆಯ ಮೇಲೇ ಕಾದೆವು, ಒಂದೂವರೆ ತಾಸಿಗೆ ಲೈನ್‌ಮನ್‌ನ ಫೋನಿಗೆ ಕರೆ ಬಂತು. ಅಣ್ಣ.

"ಆರಾಮ ಅದೀರಿಲ್ಲೋ? ಡ್ರೈವರ್ ಬಂದು ಹೇಳಿದ. ದಾರಿ ಬಂದ್ ಆಗಿ ಭಾವಾರು ಮುಂಜಾನಿಂದ ಇಲ್ಲೇ ಕುಂತಾರ, ಅವ್ರ ಫೋನ್ ಚಾರ್ಜ್ ಹೋಗೇತಿ. ನಿಮ್ಮ ಮಗಳೂ ಈಗ ಫೋನ್ ಮಾಡಿದ್ಲು, ಹಾವೇರ್ಯಾಗ ಗೆಳತಿ ಮನ್ಯಾಗ ಅದಾಳ."

ಇಬ್ಬರೂ ಸುರಕ್ಷಿತ ಎಂದು ತಿಳಿದ ಮೇಲೆಯೇ ನನ್ನ ಬಾಯಿ ಬಿಚ್ಚಿದ್ದು. "ನಾ ಐದು ಸಲ ಹಚ್ಚಿದ್ನಿ. ಯಾಕ ಎತ್ತಲಿಲ್ಲ?"

"ಗೊತ್ತಿಲ್ಲದ ನಂಬರ್ ಇತ್ತವ್ವಾ. ಭಾವಾರೇ ಎತ್ತಬ್ಯಾಡ್ರಿ ಅಂದ್ರು. ಈಗ ಎಲ್ಲಾ ಫ್ರಾಡ್ ಕಾಲ್ ಇರ್ತಾವಂತ, ಬ್ಲಾಕ್ ಮಾಡ್ರಿ ಅಂದ್ರು."

ಅಂದರೆ ನನ್ನ ಗಂಡ ಅಣ್ಣನ ಗಲ್ಲೆಯ ಪಕ್ಕ ಕುಳಿತು, ನಮ್ಮ ಸುದ್ದಿ ಬರಲಿಲ್ಲವೆಂದು ಚಿಂತೆ ಮಾಡುತ್ತ, ಬಂದ ಸುದ್ದಿಯನ್ನು ಐದು ಸಲ ಬಾಗಿಲಿನಿಂದ ಹೊರಗೆ ಕಳಿಸಿದ್ದರು. "ಅವ್ರಿಗೆ ಫೋನ್ ಕೊಡು" ಎಂದೆ. ಕೊಟ್ಟ.

"ನೀನ ಹೇಳಿದ್ಯಲ್ಲ, ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ ಅಂತ" ಎಂದರು ಗಂಡ.

ಹೌದು, ನಾನೇ ಹೇಳಿದ್ದೆ. ಅದರ ಹಿಂದಿನ ವರ್ಷ ನಮ್ಮ ಓಣಿಯವರೊಬ್ಬರು ಅಂಥ ಕರೆಗೆ ಮೋಸ ಹೋದಾಗ ನೂರು ಸಲ ಹೇಳಿದ್ದೆ. ನನ್ನ ನೂರಾರು ಮಾತಿನಲ್ಲಿ ಅವರು ತಪ್ಪದೆ ಪಾಲಿಸಿದ್ದು ಅದೊಂದನ್ನೇ. ಲೈನ್‌ಮನ್ ಪಕ್ಕದಲ್ಲೇ ನಿಂತಿದ್ದರಿಂದ ಬೈಯುವುದನ್ನು ಮನೆಗೆಂದು ಉಳಿಸಿಕೊಂಡು ಫೋನಿಟ್ಟೆ.

ಮೂರು ದಿನಕ್ಕೆ ನೀರಿಳಿಯಿತು. ಅಂಗಡಿಯಲ್ಲಿ ಮೊಳಕಾಲುದ್ದ ಕೆಸರು, ಹಿತ್ತಲ ಗೋಡೆ ಬಿದ್ದಿತ್ತು, ಎಮ್ಮೆ ಆರಾಮಾಗಿತ್ತು. ಕೆಸರು ಬಳಿಯುತ್ತಲೇ ನಾನು ಮೂರು ದಿನದ ಮಾತನ್ನೆಲ್ಲ ಆಡಿ ಮುಗಿಸಿದೆ. ಗಂಡ ಸಲಿಕೆ ಹಿಡಿದು ಬಳಿದರು. ಮಗಳು ಅತ್ತಳು. ಅತ್ತೆ ಮಾತ್ರ, "ಇಷ್ಟ ಒದರಿದ್ರ ಬಿ.ಪಿ. ಏರ್ತೈತಿ" ಎಂದು ನನಗೇ ಬುದ್ಧಿ ಹೇಳಿದರು.

ಈಗ ಟ್ರಂಕಿಗೆ ಬೀಗವಿದೆ. ಬೀಗದ ಕೈ ಎರಡು. ಒಂದು ನನ್ನ ಹತ್ತಿರ, ಇನ್ನೊಂದು ಗೋಡೆಯ ಮೊಳೆಗೆ. ಮೊಳೆಯದನ್ನು ಯಾರೂ ಮುಟ್ಟಿಲ್ಲವೆಂದು ಮೂವರೂ ಆಣೆ ಮಾಡುತ್ತಾರೆ, ಆದರೂ ಕಳೆದ ಅಮಾವಾಸ್ಯೆಗೆ ಒಂದು ಮೇಣಬತ್ತಿ ಕಡಿಮೆ ಇತ್ತು. ಅಣ್ಣನ ನಂಬರನ್ನು ಎಲ್ಲರೂ ಬಾಯಿಪಾಠ ಮಾಡಬೇಕೆಂದು ಹಟ ಹಿಡಿದೆ. ಅತ್ತೆ ಎರಡೇ ದಿನಕ್ಕೆ ಕಲಿತರು. ಮಗಳು ಒಂದು ವಾರ ತೆಗೆದುಕೊಂಡಳು. ಗಂಡ ಇನ್ನೂ ಕೊನೆಯ ನಾಲ್ಕಂಕಿಯನ್ನು ಹಿಂದುಮುಂದು ಮಾಡುತ್ತಾರೆ.

ಮಳೆಗಾಲ ಶುರುವಾಗುವ ಮುಂಚೆ ಎಲ್ಲರೂ ಒಮ್ಮೆ ಬೇರೆಯವರ ಫೋನಿನಿಂದ ಅಣ್ಣನಿಗೆ ಕರೆ ಮಾಡಿ ರೂಢಿ ಮಾಡಿಕೊಳ್ಳಬೇಕೆಂದು ಗೊತ್ತು ಮಾಡಿದೆ. ಈ ವರ್ಷ ಪಕ್ಕದ ಮನೆಯವರ ಫೋನಿನಿಂದ ಮೊದಲು ನಾನೇ ಹಚ್ಚಿದೆ. ಅಣ್ಣ ತಕ್ಷಣ ಎತ್ತಿದ. ನಾನು ಎಲ್ಲಿದ್ದೇನೆ, ಹೇಗಿದ್ದೇನೆ ಎಂದು ಕಲಿಸಿದಂತೆ ಹೇಳುತ್ತಿದ್ದರೆ ನಡುವೆಯೇ ಬಾಯಿ ಹಾಕಿದ.

"ತಂಗೀ, ಅಂಗಡ್ಯಾಗ ಗಿರಾಕಿ ಭಾಳ ಅದಾರ. ನೀ ಆಮ್ಯಾಲ ಮುಳುಗು."