ತುಂಬಿಸಿ ಕೊಟ್ಟ ಇಂಜಿನ್ನು

ಪೆಟ್ರೋಲ್ ತುಂಬಿದ ಇಂಜಿನ್ನನ್ನು ಅಡ್ಡ ಮಲಗಿಸಿ ಸಾಗಿಸುವವರನ್ನು ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಕೊರಳಪಟ್ಟಿ ಹಿಡಿದು ಕೇಳಬೇಕು ಅನ್ನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ. ಅದೂ ಒಡಹುಟ್ಟಿದ ಅಕ್ಕನನ್ನು, ನಡುದಾರಿಯಲ್ಲಿ, ಬಸ್ಸಿನ ಜನರೆಲ್ಲ ಕೇಳುವ ಹಾಗೆ.

ಎಪ್ಪತ್ತರ ದಶಕದ ಕೊನೆ ಅದು. ಆಡೂರಿನ ನಮ್ಮ ಮನೆಯಲ್ಲಿ ನೀರೆತ್ತುವ ಸಣ್ಣ ಪೆಟ್ರೋಲ್ ಇಂಜಿನ್ನಿತ್ತು, ಇಬ್ಬರು ಹಿಡಿದರೆ ಏಳುವಂಥದ್ದು. ಅದರ ಉಸಾಬರಿ ಪೂರಾ ನನ್ನದು. ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಒಲೆ-ದೀಪಗಳಿಂದ ದೂರ, ಗಾಳಿಯಾಡುವ ಹಿತ್ತಲ ಚಪ್ಪರದಲ್ಲಿ ನೆಟ್ಟಗೆ ನಿಲ್ಲಿಸಿ ಇಡುತ್ತಿದ್ದೆ. "ಕೂಸಿಗಿಂತ ಹೆಚ್ಚಿಗಿ ಜ್ವಾಕಿ ಮಾಡ್ತಾನ ನೋಡ" ಎಂದು ಅವ್ವ ಚ್ಯಾಷ್ಟಿ ಮಾಡುತ್ತಿದ್ದಳು.

ಅಕ್ಕನನ್ನು ಸವಣೂರಿಗೆ ಕೊಟ್ಟಿತ್ತು. ಅವರ ಎಲೆಬಳ್ಳಿ ತೋಟಕ್ಕೆ ಆ ಬೇಸಿಗೆಯಲ್ಲಿ ನೀರು ಸಾಲದೆ ನಮ್ಮ ಇಂಜಿನ್ನು ಒಯ್ದಿದ್ದರು. ಮಳೆ ಹಿಡಿದ ಮೇಲೆ, ಪಂಚಮಿ ಹಬ್ಬಕ್ಕೆ ಅಕ್ಕನನ್ನೂ ಇಂಜಿನ್ನನ್ನೂ ಕರೆತರಲು ನಾನು ಹೋದೆ. ನಾನೂ ಅಕ್ಕನೂ ಬಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಅಕ್ಕನ ಗಂಡ ಅದನ್ನು ಬಸ್ಸಿನ ಮೇಲೇರಿಸಿ ಹಗ್ಗ ಬಿಗಿದಾಗಿತ್ತು.

"ಒಳಗ ಪೆಟ್ರೋಲ್ ಐತೇನು?" ಎಂದು ಕಂಡಕ್ಟರ್ ಕೇಳಿದ.

"ಏ, ಖಾಲಿ ಐತ್ರಿ" ಎಂದೆ, ಧಿಮಾಕಿನಿಂದ. ಟ್ಯಾಂಕು ಬರಿದು ಮಾಡಿಯೇ ಸಾಗಿಸಬೇಕೆಂದು ಒಯ್ಯುವಾಗಲೇ ಅವರಿಗೆ ಹೇಳಿಕೊಟ್ಟಿದ್ದೆನಲ್ಲ! ಮೇಲೆ ಹತ್ತಿ ಮುಚ್ಚಳ ತೆಗೆದು ನೋಡಲಿಲ್ಲ.

ಶಿಗ್ಗಾವಿ ಇನ್ನೇನು ಬಂತು ಅನ್ನುವಾಗ ಕಿಟಕಿಯ ಸರಳಿನ ಮೇಲೆ ಹನಿ ಬೀಳತೊಡಗಿತು. ಅಕ್ಕನ ತೊಡೆಯ ಮೇಲಿದ್ದ ಕೂಸು ಕೈಚಾಚಿ ಹನಿ ಹಿಡಿಯುತ್ತ ಕೇಕೆ ಹಾಕುತ್ತಿತ್ತು. ಮಳೆನೀರು ಅಂದುಕೊಂಡೆ. ಹೊರಗೆ ನೋಡಿದರೆ ಬಿಸಿಲು. ಮೂಗಿಗೆ ವಾಸನೆ ಬಡಿಯಿತು. ಕೂಸಿನ ಅಂಗಿತೋಳು ಪೆಟ್ರೋಲಿನಿಂದ ತೊಯ್ದಿತ್ತು. ಮುಂದಿನ ಸೀಟಿನ ಮುದುಕ ಬೀಡಿ ಕಚ್ಚಿಕೊಂಡು ಕಡ್ಡಿಪೆಟ್ಟಿಗೆ ತೆಗೆದಿದ್ದ.

"ಕಡ್ಡಿ ಗೀರಬ್ಯಾಡ್ರಿ!" ಎಂದು ಚೀರಿ ಅವನ ಕೈಮೇಲೆ ಹೊಡೆದೆ. ಕಡ್ಡಿಗಳು ಚೆಲ್ಲಾಪಿಲ್ಲಿಯಾದವು. ಬಸ್ಸು ನಿಂತಿತು, ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಮೇಲೆ ಹತ್ತಿ ನೋಡುತ್ತೇನೆ: ಇಂಜಿನ್ನು ಮಗ್ಗುಲಾಗಿ ಮಲಗಿದೆ, ಟ್ಯಾಂಕು ಕಂಠಮಟ್ಟ ತುಂಬಿದೆ, ಮುಚ್ಚಳದ ಗಾಳಿತೂತಿನಿಂದ ಸೋರುತ್ತಿದೆ. ಮುಚ್ಚಳಕ್ಕೆ ಅರಿಷಿಣ ಕುಂಕುಮ ಬೇರೆ!

"ಯಾರು ತುಂಬಿಸಿದ್ದು ಇದನ್ನ?" ಎಂದು ಮೇಲಿನಿಂದಲೇ ಕೂಗಿದೆ.

"ನಾನ" ಎಂದಳು ಅಕ್ಕ, ಕೂಸನ್ನು ಅವಚಿಕೊಂಡು. "ತವರಮನಿ ಸಾಮಾನು ಖಾಲಿ ಹೆಂಗ ತಿರುಗಿ ಕೊಡ್ಲೋ ತಮ್ಮಾ?"

ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಯಾರೂ ಬರಿದಾಗಿ ಕೊಡುವುದಿಲ್ಲ. ಹಿಡಿ ಅಕ್ಕಿಯೋ ಚೂರು ಬೆಲ್ಲವೋ ಒಳಗಿರಬೇಕು. ಅವ್ವ ಕಲಿಸಿದ್ದು ಅದನ್ನೇ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ.

"ಇದೇನು ಮಜ್ಜಿಗಿ ಚರಗಿ ಏನು? ತಲ್ಯಾಗ ಸಗಣಿ ತುಂಬೇತೇನು ನಿಂದು? ಕೂಸಿನ್ನ ಸುಡಾಕ ಹೊಂಟಿದ್ದಿ! ಇನ್ನ ಮ್ಯಾಲ ನಮ್ಮ ಮನಿಗೆ ಏನೂ ತುಂಬಿಸಿ ಕಳಸಬ್ಯಾಡ!"

"ಖಾಲಿ ಐತಿ ಅಂದಾಂವ ನೀನ ಅಲ್ಲೇನೋ?" ಎಂದ ಕಂಡಕ್ಟರ್. ಆ ಮಾತಿಗೆ ಸಿಟ್ಟು ಇನ್ನೂ ಏರಿತು, ಅದನ್ನೂ ಅಕ್ಕನ ಮೇಲೆಯೇ ಕಾರಿದೆ.

ನಮ್ಮನ್ನೂ ಇಂಜಿನ್ನನ್ನೂ ಅಲ್ಲೇ ಇಳಿಸಿ ಬಸ್ಸು ಹೋಯಿತು. ಹೊಲದ ಬಾವಿಯೊಂದರಲ್ಲಿ ಕೂಸಿನ ಕೈ ತೊಳೆದೆವು. ತೋಳು ಕೆಂಪಾಗಿತ್ತು, ಸದ್ಯ ಅಷ್ಟೇ. ಟ್ಯಾಂಕು ಬರಿದು ಮಾಡಿ, ಇಂಜಿನ್ನನ್ನು ಗಾಳಿಗೆ ಆರಿಸಿ, ಮುಂದಿನ ಬಸ್ಸಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿದೆ. ಆಡೂರು ಮುಟ್ಟುವ ತನಕ ಅಕ್ಕ ಕೂಸಿನ ತೋಳಿಗೆ ಸೆರಗಿನಿಂದ ಗಾಳಿ ಹಾಕುತ್ತ ಕುಳಿತಳು.

ಹಬ್ಬ ಮುಗಿಸಿ ಹೊರಟವಳಿಗೆ ಅವ್ವ ದೊಡ್ಡ ಡಬ್ಬಿ ತುಂಬ ಉಂಡಿ ಕಟ್ಟಿಕೊಟ್ಟಳು. ಕೆಲವು ದಿನಕ್ಕೆ ಸವಣೂರಿನಿಂದ ಬಂದವರೊಬ್ಬರ ಕೈಯಲ್ಲಿ ಡಬ್ಬಿ ತಿರುಗಿ ಬಂತು. ಅಕ್ಕ ಅದನ್ನು ತಿಕ್ಕಿ ತೊಳೆದು ಒರೆಸಿದ್ದಳು. ಅವ್ವ ಮುಚ್ಚಳ ತೆಗೆದಳು. ಒಳಗೆ ಕೈ ಹಾಕಿ ತಳದಲ್ಲೆಲ್ಲ ಆಡಿಸಿದಳು. ಒಂದು ಚೂರು ಬೆಲ್ಲವೂ ಇರಲಿಲ್ಲ. ಪೆಟ್ರೋಲ್ ಸೋರಿದ ಸುದ್ದಿಯನ್ನು ಅವಳಿಗೆ ಹೇಳಿದ್ದೆ, ನಾನು ಬೈದದ್ದನ್ನು ಹೇಳಿರಲಿಲ್ಲ.

ಡಬ್ಬಿಯನ್ನು ನನ್ನ ಮುಂದೆ ಕುಕ್ಕಿ ಅವ್ವ ಕೇಳಿದಳು: "ನನ್ನ ಮಗಳಿಗೆ ಏನಂದಿಯೋ ನೀ?"