ಶಮೀಮಕ್ಕನ ಕಂಪ್ಯೂಟರಿನೊಳಗಿನ ಪದಗಳು

ಪೆನ್‌ಡ್ರೈವ್ ಹಿಡಿದು ಯಾರೇ ಅಂಗಡಿಯ ಮೆಟ್ಟಿಲು ಹತ್ತಿದರೂ ಶಮೀಮಕ್ಕ ಅವರ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಬಂದ ಕೆಲಸವನ್ನೂ ಕೇಳುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಯಾವುದ್ರಾಗ ಹೊಡಸೀರಿ?" ಎನ್ನುತ್ತಿದ್ದರು. ಟೈಪ್ ಮಾಡಿಸಿದ್ದು ಯಾವ ಸಾಫ್ಟ್‌ವೇರಿನಲ್ಲಿ ಎಂಬುದು ಪ್ರಶ್ನೆ. ಹೊಸಬರು ಕಣ್ಣುಕಣ್ಣು ಬಿಡುತ್ತಿದ್ದರು. ಮದುವೆ ಕಾರ್ಡಿಗೆಂದು ಬಂದ ಹಿರಿಯರೊಬ್ಬರು "ಕಂಪ್ಯೂಟರದಾಗ ಹೊಡಸೇವ್ರಿ" ಎಂದಾಗ, "ಹಾಲು ಎಲ್ಲಿಂದು ಅಂದ್ರ ಚರಗಿದು ಅಂದಂಗಾತು" ಎಂದು ಗೊಣಗಿದ್ದನ್ನು ನಾನೇ ಕೇಳಿದ್ದೇನೆ. ಗೊಣಗುತ್ತಲೇ ಆ ಹಿರಿಯರಿಗೆ ಚಹಾ ಹೇಳಿಕಳಿಸಿದ್ದನ್ನೂ ನೋಡಿದ್ದೇನೆ.

ರಾಣೆಬೆನ್ನೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಬೀಜದ ಅಂಗಡಿಯ ಪಕ್ಕ ಅವರ ಡಿಟಿಪಿ ಅಂಗಡಿ. ಬೋರ್ಡಿನ ಮೇಲೆ ಕನ್ನಡ, ಉರ್ದು ಎರಡೂ ಇದ್ದವು. ಎರಡನ್ನೂ ಅವರೇ ಜೋಡಿಸಿದ್ದರು. ಮದುವೆಯಾಗಿರಲಿಲ್ಲ. ಯಾರಾದರೂ ಆ ವಿಷಯ ತೆಗೆದರೆ, "ಊರ ಮಂದಿ ಲಗ್ನದ ಕಾರ್ಡು ಹೊಡ್ಯೂದ್ರಾಗ ನನ್ನ ಕಾರ್ಡು ಉಳದ್ಹೋತು" ಎಂದು ನಕ್ಕುಬಿಡುತ್ತಿದ್ದರು.

ನಾನು ಬ್ಯಾಡಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಶಾಲೆಯ ವಾರ್ಷಿಕ ಸಂಚಿಕೆ ನನ್ನ ಕೊರಳಿಗೆ ಬಿತ್ತು. ಮಕ್ಕಳ ಬರಹಗಳಲ್ಲಿ ಕೆಲವನ್ನು ಹಾವೇರಿಯಲ್ಲಿ ಟೈಪ್ ಮಾಡಿಸಿದ್ದೆ, ಉಳಿದವನ್ನು ಬ್ಯಾಡಗಿಯಲ್ಲಿ. ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಿ ನೋಡಿದರೆ ಹಾವೇರಿಯ ಕವಿತೆಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ, ಡಾಲರು, ಚೌಕ ಡಬ್ಬಿಗಳಾಗಿ ಕೂತಿದ್ದವು. ಬ್ಯಾಡಗಿಯವನು ಹಾವೇರಿಯವನನ್ನು ಬೈದ, ಹಾವೇರಿಯವನು ಬ್ಯಾಡಗಿಯವನನ್ನು ಬೈದ. ಕೊನೆಗೆ ಇಬ್ಬರೂ ಹೇಳಿದ ಮಾತು ಮಾತ್ರ ಒಂದೇ: "ರಾಣೆಬೆನ್ನೂರಾಗ ಶಮೀಮಕ್ಕ ಅಂತ ಅದಾರ, ಅಲ್ಲಿ ಹೋಗ್ರಿ."

ಶಮೀಮಕ್ಕ ಆ ಡಬ್ಬಿಗಳ ರಾಶಿಯನ್ನು ಬಹಳ ಹೊತ್ತು ನೋಡಿದರು. ಜ್ವರ ಬಂದ ಮಗುವನ್ನು ನೋಡುವ ಹಾಗಿತ್ತು ಆ ನೋಟ. "ಕನ್ನಡಾನ ಐತ್ರಿ ಮಾಸ್ತರ. ಮುಸುಕು ಹೊದ್ದು ಕುಂತೈತಿ, ನಿಮ್ಮ ಕಂಪ್ಯೂಟರಿಗೆ ಗುರ್ತ ಹತ್ತವಲ್ದು" ಎಂದರು. ನನಗೆ ಅರ್ಥವಾಗಲಿಲ್ಲ ಎಂಬುದು ಮುಖದಲ್ಲೇ ಕಂಡಿರಬೇಕು. ಕುರ್ಚಿ ತಿರುಗಿಸಿ ಕೂತರು.

"ಕಂಪ್ಯೂಟರಿಗೆ ಕನ್ನಡ ಬರಂಗಿಲ್ರಿ, ಅದಕ್ಕ ನಂಬರ ಅಷ್ಟ ಗೊತ್ತು. 'ಕ' ಅಂದ್ರ ಇಂಥಾ ನಂಬರ ಅಂತ ಒಂದು ಕಂಪನಿಯವರು ಇಟ್ಕೊಂಡಾರ, ಇನ್ನೊಬ್ರು ಬ್ಯಾರೇನ ಇಟ್ಕೊಂಡಾರ. ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಒಬ್ಬೊಬ್ಬ ದಲಾಲ ತನಗ ಬೇಕಾದಂಗ ಕೇಜಿ ಮಾಡ್ಕೊಂಡು ಕುಂತ್ರ ವ್ಯಾಪಾರ ನಡೀತೈತೇನು? ಕೇಜಿ ಅಂದ್ರ ಹಾವೇರ್ಯಾಗೂ ಕೇಜಿ, ಹುಬ್ಬಳ್ಳ್ಯಾಗೂ ಕೇಜಿ. ಯುನಿಕೋಡ್ ಅಂದ್ರ ಅಷ್ಟ ರೀ, ಎಲ್ಲಾರೂ ಒಪ್ಪಿದ ಕೇಜಿ."

ಮಕ್ಕಳ ಕವಿತೆಗಳು ಸಂಜೆಯೊಳಗೆ ಮುಸುಕು ತೆಗೆದು ಹೊರಬಂದವು. ಅಂದಿನಿಂದ ನಾನು ಅವರ ಅಂಗಡಿಯ ಖಾಯಂ ಗಿರಾಕಿಯಾದೆ. ಕೆಲಸವಿಲ್ಲದಿದ್ದರೂ ರಾಣೆಬೆನ್ನೂರಿಗೆ ಹೋದಾಗ ಅಲ್ಲಿ ಕೂತು ಬೈಸಿಕೊಂಡು ಬರುವುದು ರೂಢಿಯಾಯಿತು.

ಬೈಗುಳ ಅವರಲ್ಲಿ ಧಾರಾಳವಾಗಿತ್ತು. ಅದರ ದೊಡ್ಡ ಪಾಲು ಸಲ್ಲುತ್ತಿದ್ದುದು ತಮ್ಮದೇ ಗುಪ್ತ ನಂಬರುಗಳನ್ನು ಇಟ್ಟುಕೊಂಡ ಕಂಪನಿಗಳಿಗೆ. "ಬರದಾಂವ ಒಬ್ಬ, ಕೀಲಿ ಇಟ್ಕೊಂಡಾಂವ ಇನ್ನೊಬ್ಬ. ಇದ್ಯಾವ ನ್ಯಾಯ?" ಎನ್ನುತ್ತಿದ್ದರು. ಒಂದು ಸಲ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಪ್ರೆಸ್ಸಿನವರನ್ನೂ ಡಿಟಿಪಿಯವರನ್ನೂ ತಮ್ಮ ಅಂಗಡಿಗೆ ಕರೆದರು. ಮಿರ್ಚಿ ಭಜಿ, ಮಂಡಕ್ಕಿ ತರಿಸಿದರು. ಇನ್ನು ಮುಂದೆ ಎಲ್ಲರೂ ಯುನಿಕೋಡಿನಲ್ಲೇ ಟೈಪ್ ಮಾಡೋಣ, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಫೈಲನ್ನೇ ಗಿರಾಕಿಯ ಕೈಗೆ ಕೊಡೋಣ ಎಂಬುದು ಅವರ ಬೇಡಿಕೆ. ಹಾವೇರಿಯ ಪ್ರೆಸ್ಸಿನ ಮಾಲಕ ರುದ್ರಪ್ಪನವರು ಭಜಿ ಮುರಿಯುತ್ತ, "ಅಕ್ಕಾರ, ಫೈಲು ಎಲ್ಲಾ ಕಡೆ ತೆರದ್ರ ಗಿರಾಕಿ ನಮ್ಮ ಕಡೆ ಯಾಕ ಬರ್ತಾನ?" ಎಂದರು.

"ಗಿರಾಕಿ ಏನು ಎಮ್ಮೇನ್ರಿ, ಗೂಟಕ್ಕ ಕಟ್ಟಾಕ? ಚಲೋ ಕೆಲಸ ಮಾಡ್ರಿ, ಬ್ಯಾಡಂದ್ರೂ ಬರ್ತಾನ."

ಎಲ್ಲರೂ ನಕ್ಕರು, ಎಲ್ಲರೂ ಒಪ್ಪಿದರು, ಕೈತೊಳೆದುಕೊಂಡು ಹೋದರು. ಒಬ್ಬರೂ ಮಾಡಲಿಲ್ಲ. ಮುಂದೆ ಕಂಪ್ಯೂಟರು ಬದಲಾಯಿಸಿದಾಗ ತಮ್ಮ ಹಳೆಯ ಫೈಲುಗಳೇ ತೆರೆಯದೆ ಒಬ್ಬೊಬ್ಬರಾಗಿ ಅದೇ ಮೆಟ್ಟಿಲು ಹತ್ತಿದರು. ರುದ್ರಪ್ಪನವರೇ ಮೊದಲಿಗರು. ಶಮೀಮಕ್ಕ ಅವರನ್ನು ಮನಸಾರೆ ಬೈದು, ಎಲ್ಲವನ್ನೂ ಬದಲಿಸಿ ಕೊಟ್ಟರು.

ಆ ಅಂಗಡಿಯ ಮೂಲೆಯಲ್ಲಿ ಹಸಿರು ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರೊಂದಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅದರೊಳಗೆ ಅವರ ತಂದೆ ಹುಸೇನಸಾಬರ ಪದಗಳಿದ್ದವು.

ಹುಸೇನಸಾಬರು ದೇವರಗುಡ್ಡದ ಆಚೆಗಿನ ಒಂದು ಹಳ್ಳಿಯವರು. ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿಕೊಂಡಿದ್ದರು, ಅಕ್ಷರ ಬರುತ್ತಿರಲಿಲ್ಲ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳನ್ನು ಕಟ್ಟುವುದರಲ್ಲಿ ಮಾತ್ರ ಆ ಭಾಗದಲ್ಲಿ ಅವರಿಗೆ ಜೋಡಿ ಇರಲಿಲ್ಲ. ಕರ್ಬಲಾದ ಕಾಳಗದಲ್ಲಿ ಬಾಯಾರಿ ಮಡಿದವರ ದುಃಖವನ್ನು ನಮ್ಮ ಹೊಲ, ಬಾವಿ, ಕೊಡಗಳ ಮಾತಿನಲ್ಲೇ ಹಾಡುತ್ತಿದ್ದರಂತೆ. ಶಮೀಮಕ್ಕ ಅಂಗಡಿ ತೆರೆದ ವರ್ಷದ ಮೊಹರಮ್ಮಿನಲ್ಲೇ, ಮೊದಲ ಕಂಪ್ಯೂಟರಿನ ಮುಂದೆ ತಂದೆಯನ್ನು ಕೂಡಿಸಿಕೊಂಡು ಅವನ್ನೆಲ್ಲ ಟೈಪ್ ಮಾಡಿದ್ದರು. "ಅಬ್ಬಾಗ ನಡುವ ನಿಂದ್ರಾಕ ಬರ್ತಿರ್ಲಿಲ್ಲ ಮಾಸ್ತರ. 'ತಡೀರಿ ಅಬ್ಬಾ' ಅಂದ್ರ ಮತ್ತ ಮೊದಲಿಂದ ಸುರು ಮಾಡ್ತಿದ್ರು. ನನ್ನ ಬೆರಳಿಗಿಂತ ಅವ್ರ ಹೆಜ್ಜಿ ಜೋರು" ಎಂದು ಹೇಳಿಕೊಂಡು ನಗುತ್ತಿದ್ದರು.

ಆಗ ಯುನಿಕೋಡ್ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಅವರು ಬಳಸಿದ ಸಾಫ್ಟ್‌ವೇರು ನಡೆಯಬೇಕಾದರೆ ಅದರ ಕಂಪನಿಯವರು ಕೊಟ್ಟ, ಡಾಂಗಲ್ ಎಂಬ ಬೆರಳುದ್ದದ ಬೀಗವೊಂದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿರಬೇಕಿತ್ತು. ಆ ಕಂಪನಿ ಎಂದೋ ಮುಚ್ಚಿಹೋಗಿತ್ತು. ಬೇರೆಯವರ ಫೈಲುಗಳನ್ನು ಬದಲಿಸುವ ಉಪಾಯಗಳು ಈ ಫೈಲಿಗೆ ನಡೆಯುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ: ಹಳೆಯ ಕಂಪ್ಯೂಟರಿನಲ್ಲಿ ತೆರೆದು, ನೋಡಿಕೊಂಡು ಹೊಸದರಲ್ಲಿ ಮತ್ತೆ ಟೈಪ್ ಮಾಡುವುದು.

"ಹಂಗಾರ ಮಾಡಿಬಿಡ್ರಿ" ಎಂದೆ.

"ಕಲಿಯೂ ಮುಂದ ಹೊಡದದ್ದು, ತಪ್ಪು ಬಾಳ ಅದಾವ. ಅಬ್ಬಾ ಬಾಜೂಕ ಕುಂತು ಹಾಡಿ ತಿದ್ದಿಸಬೇಕು."

ಹುಸೇನಸಾಬರದೊಂದು ಕಟ್ಟುನಿಟ್ಟಿತ್ತು. ಅಲಾವಿ ಕುಣಿಗೆ ಗುದ್ದಲಿ ಬೀಳುವ ಮೊದಲು ಆ ಪದಗಳನ್ನು ಬಾಯಿಗೆ ತರುವಂತಿಲ್ಲ, ಹಬ್ಬ ಮುಗಿದ ಮೇಲೂ ಇಲ್ಲ. ಅಳುವಿಗೂ ಒಂದು ಕಾಲ ಬೇಕು ಎನ್ನುತ್ತಿದ್ದರಂತೆ. ಹೀಗಾಗಿ ವರ್ಷದಲ್ಲಿ ಆ ಕೆಲವೇ ದಿನಗಳು ಮಾತ್ರ ಸಿಗುತ್ತಿದ್ದವು. ಸರಿಯಾಗಿ ಆಗಲೇ ಯಾರದಾದರೂ ಅವಸರದ ಕೆಲಸ ಬಂದು ಕೂರುತ್ತಿತ್ತು. ಒಂದು ವರ್ಷ ಬೀಜದ ಚೀಲಗಳ ಮೇಲಿನ ಬರಹ. ಮತ್ತೊಂದು ವರ್ಷ ಕಾಗಿನೆಲೆಗೆ ಬರುವ ಯಾತ್ರಿಕರಿಗೊಂದು ಕೈಪಿಡಿ. ಇನ್ನೊಂದು ವರ್ಷ ಹೊಸರಿತ್ತಿ ಕಡೆಯ ನಿವೃತ್ತ ಗುರುಗಳೊಬ್ಬರು ಐದಾರು ಬೇರೆಬೇರೆ ಕಡೆ ಟೈಪ್ ಮಾಡಿಸಿ ಕುಲಗೆಡಿಸಿಕೊಂಡ ಆತ್ಮಕಥೆ. ತಮ್ಮದನ್ನು ಮೊದಲು ಮಾಡಿಕೊಳ್ಳಿ ಎಂದು ನಾನು ರೇಗಿದ್ದೂ ಉಂಟು.

"ಅವ್ರದು ತಡಾ ಆದ್ರ ಬೈತಾರ" ಎಂದರು ಶಮೀಮಕ್ಕ. "ಅಬ್ಬಾ ಬೈಯಂಗಿಲ್ಲ."

ಅಬ್ಬಾ ಬೈಯಲಿಲ್ಲ. ಒಂದು ಬೇಸಿಗೆಯಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ಶಮೀಮಕ್ಕ ಕೆಲವು ದಿನ ಅಂಗಡಿ ಮುಚ್ಚಿದರು, ಮತ್ತೆ ತೆರೆದರು. ಮುಂದಿನ ಮೊಹರಮ್ಮಿನಲ್ಲಿ ಯಾರ ಕೆಲಸವನ್ನೂ ಒಪ್ಪಿಕೊಳ್ಳದೆ, ಒಬ್ಬರೇ ಕೂತು ಹಸಿರು ಬಟ್ಟೆ ಎತ್ತಿ ಬಟನ್ ಒತ್ತಿದರು. ಕಂಪ್ಯೂಟರು ಏಳಲಿಲ್ಲ. ಹಾವೇರಿಯ ಮೆಕ್ಯಾನಿಕ್ಕು ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಕೊನೆಗೆ ಒಳಗಿನ ಫೈಲುಗಳನ್ನಷ್ಟೇ ಹೊರತೆಗೆದು ಕೊಟ್ಟ. ಬೀಗ ಚುಚ್ಚುವ ಜಾಗ ಹೊಸ ಕಂಪ್ಯೂಟರುಗಳಲ್ಲಿ ಇರಲೇ ಇಲ್ಲ.

ಆ ಫೈಲನ್ನು ತೆರೆದ ದಿನ ನಾನು ಅಲ್ಲಿದ್ದೆ. ಪರದೆಯ ತುಂಬ ಡಬ್ಬಿಗಳು, ಡಾಲರುಗಳು. ಊರ ಮಂದಿಯ ಕನ್ನಡಕ್ಕೆಲ್ಲ ಮುಸುಕು ತೆಗೆದ ಹೆಂಗಸು ಕನ್ನಡಕ ಒರೆಸಿ ಒರೆಸಿ ನೋಡಿದರು. ಕೊನೆಗೆ ಪರದೆಯ ಮೇಲೆ ಬೆರಳಿಟ್ಟರು.

"ಈ ಸಣ್ಣ ಸಾಲು ಮತ್ತ ಮತ್ತ ಬರಾಕತ್ತಾವ ನೋಡ್ರಿ. ಇದು ಪಲ್ಲವಿ ಇರಬೇಕು."

ಆಮೇಲೆ, ಮೊಹರಮ್ಮು ಮುಗಿದು ಎಷ್ಟೋ ದಿನವಾಗಿದ್ದರೂ, ತಂದೆಯ ಮಾತು ಮೀರಿ, ಮೆಲ್ಲಗೆ ಹಾಡಿದರು:

ನೀರಿಗೆ ಹ್ವಾದಾಂವ ಬರಲಿಲ್ಲ ಯವ್ವಾ,
ತುಂಬಿದ ಕೊಡ ಹಂಗ ಐತಿ.

ಮುಂದಿನದು ಅವರಿಗೆ ನೆನಪಾಗಲಿಲ್ಲ. "ಹೊಡದಿಟ್ಟೇನಲ್ಲ ಅಂತ ಬಾಯಾಗ ಇಟ್ಕೊಳ್ಳಲಿಲ್ಲ ಮಾಸ್ತರ. ಎಲ್ಲಾರ ಮನಿ ಕೀಲಿ ತಗದೆ, ಅಬ್ಬಾನ್ನ ಮಾತ್ರ ಒಳಗ ಇಟ್ಟು ಕೀಲಿ ಹಾಕಿಬಿಟ್ಟೆ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಎರಡು ಸಾಲನ್ನು ನಾನು ಮೊಬೈಲಿನಲ್ಲಿ ಬರೆದುಕೊಂಡೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟು, "ಯಾರರ ಬಲ್ಲವರು ಸಿಕ್ರ ತೋರಸ್ರಿ" ಎಂದರು.

ಅದೇ ನಮ್ಮ ಕೊನೆಯ ಭೇಟಿ. ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಶಮೀಮಕ್ಕ ತೀರಿಕೊಂಡರೆಂದು ರುದ್ರಪ್ಪನವರು ಫೋನ್ ಮಾಡಿ ಹೇಳಿದರು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಪೆನ್‌ಡ್ರೈವನ್ನು ಬಲ್ಲವರೆಂಬವರಿಗೆಲ್ಲ ತೋರಿಸಿದೆ. ಎಲ್ಲರೂ ಆಗದೆಂದು ತಲೆಯಾಡಿಸಿದರು.

ಈ ಸಲದ ಮೊಹರಮ್ಮಿಗೆ ಮನಸ್ಸು ತಡೆಯದೆ ಹುಸೇನಸಾಬರ ಹಳ್ಳಿಗೆ ಹೋಗಿದ್ದೆ. ಅಲಾವಿ ಕುಣಿಯ ಸುತ್ತ ಹುಡುಗರು ಸ್ಪೀಕರಿನಿಂದ ಬರುವ ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಮೇಳದ ಹಿರಿಯ ಫಕ್ಕೀರಪ್ಪನನ್ನು, ಹುಸೇನಸಾಬರ ಪದ ಯಾಕೆ ಹಾಡುವುದಿಲ್ಲ ಎಂದು ಕೇಳಿದೆ.

"ಶಮೀಮಕ್ಕ ಹೊಡದಕೊಟ್ಟ ಕಾಗದ ಕೈಯಿಂದ ಕೈಗೆ ಹೋಗಿ ಹರದು ಹೋತ್ರಿ ಸರ. ಹಾಡೋ ಹಿರ್ಯಾರೂ ಹ್ವಾದ್ರು" ಎಂದ. ನನ್ನ ಮುಖ ನೋಡಿ ಸಮಾಧಾನ ಮಾಡುವವನಂತೆ ಹೆಗಲ ಮೇಲೆ ಕೈಯಿಟ್ಟ. "ಆದ್ರ ಪದ ಎಲ್ಲೂ ಹೋಗಿಲ್ಲ ಬಿಡ್ರಿ. ಶಮೀಮಕ್ಕನ ಕಂಪ್ಯೂಟರದಾಗ ಎಲ್ಲಾ ಅದಾವ. ಬೇಕಂದಾಗ ತಗೊಂಡ್ರಾತು ಅಂತ ನಾವ್ಯಾರೂ ಬಾಯಿಪಾಠ ಮಾಡಾಕ ಹೋಗ್ಲಿಲ್ಲ."

ನನ್ನ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಮೊಬೈಲು ತೆಗೆದು ಆ ಎರಡು ಸಾಲನ್ನು ಓದಿದೆ. ಫಕ್ಕೀರಪ್ಪನ ಕಣ್ಣು ಅರಳಿತು. ಸ್ಪೀಕರು ಬಂದ್ ಮಾಡಿಸಿ, ಕಾಲಿಗೆ ಕಾಲು ಕೂಡಿಸಿ, ಸರಿಯಾದ ಧಾಟಿಯಲ್ಲೇ ಎತ್ತಿಕೊಂಡ. ಹುಡುಗರು ದನಿಗೂಡಿಸಿದರು. ಎರಡು ಸಾಲು ಮುಗಿಯಿತು. ಎತ್ತಿದ ಹೆಜ್ಜೆಯನ್ನು ಹಾಗೇ ಹಿಡಿದು ಎಲ್ಲರೂ ನನ್ನತ್ತ ನೋಡಿದರು.

"ಮುಂದಿಂದು ಹೇಳ್ರಿ ಸರ" ಎಂದ ಫಕ್ಕೀರಪ್ಪ.