ಲಾವಂಚದ ನೀರು, ಬೇಳೆಯ ನೀರು

“ನೀರೇನೋ ಘಮ್ಮಂತೈತೆ. ಅದಿರ್ಲಿ, ಬೇಳೆ ಬೇಯೋ ನೀರು ಯಾರು ತರೋದಮ್ಮ?”

ಹೆಣ್ಣಿನ ಅಜ್ಜಿ ಹೀಗೆ ಕೇಳಿದ್ದೇ ತಡ, ನಮ್ಮ ಚಿಕ್ಕಮ್ಮನ ಮುಖ ಸಪ್ಪಗಾಯಿತು. ನಾನು ಬೀಸಣಿಗೆ ಬೀಸುವುದನ್ನು ನಿಲ್ಲಿಸಿದೆ. (ನಿಜವಾಗಿ ನಿಲ್ಲಿಸಿದೆನೇ? ಬೀಸಣಿಗೆ ನನ್ನ ಕೈಯಲ್ಲಿತ್ತು ಎಂಬುದಷ್ಟೇ ಖಾತ್ರಿ. ಉಳಿದದ್ದು ಬರೆಯುವಾಗ ಸೇರಿಕೊಂಡಿರಬಹುದು.)

ಹೋದ ವಾರದ ಮಾತು. ಚಿಕ್ಕಮ್ಮನ ಮನೆ ಇರುವುದು ಟೇಕಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ಮಗ ಮುನಿವೆಂಕಟನಿಗೆ ಹೆಣ್ಣು ಕೊಡುವ ಯೋಚನೆಯಿಂದ ಶ್ರೀನಿವಾಸಪುರದ ಕಡೆಯವರು ಮನೆ ನೋಡಲು ಬರುವವರಿದ್ದರು. ಹತ್ತು ಹನ್ನೆರಡು ಜನ. ರೈಲು ಬದಲಾಯಿಸಿಕೊಂಡು, ಸ್ಟೇಷನ್ನಿನಿಂದ ಗಾಡಿಯಲ್ಲಿ ಕುಲುಕಿಕೊಂಡು, ಈ ಸುಡುಬಿಸಿಲಿನಲ್ಲಿ! ಸಂಬಂಧ ಕುದುರುವವರೆಗೆ ಗಂಡಿನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ ಎನ್ನುವ ಜನ ಬೇರೆ. ಇನ್ನು ಮರ್ಯಾದೆ ತೋರಿಸುವುದು ಯಾವುದರಲ್ಲಿ? ನೀರಿನಲ್ಲಿ.

ತೊಂದರೆ ಇದ್ದದ್ದೂ ನೀರಿನಲ್ಲೇ. ಆ ಊರಿನ ಬಾವಿ ಉಪ್ಪು. ಅದರಲ್ಲಿ ಬೇಳೆ ಹಾಕಿದರೆ ಸೌದೆ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಸಿಹಿನೀರು ಗುಡ್ಡದ ಆಚೆಯ ತೋಟದ ಬಾವಿಯಲ್ಲಿ. ಹಿಂದೆ ಬಂದ ಎರಡು ಸಂಬಂಧಗಳೂ ಒಂದೊಂದು ಲೋಟ ಕುಡಿದು, ಗುಡ್ಡದ ಕಡೆ ಒಮ್ಮೆ ನೋಡಿ, ಹೋದವು ಹೋದವೇ. ನೀರು ಹೊತ್ತು ಸಾಯಲಿ ಎಂದು ಮಗಳನ್ನು ಯಾರು ಕೊಡುತ್ತಾರೆ? ಮುನಿವೆಂಕಟನಿಗೆ ಮೂವತ್ತು ಹತ್ತಿರವಾಯಿತು. ಈ ಸಲವೂ ತಪ್ಪಿದರೆ ಇನ್ನು ಕೇಳುವವರಿಲ್ಲ ಎಂದು ಚಿಕ್ಕಮ್ಮ ಹೆದರಿದ್ದರು.

ಆದ್ದರಿಂದ ಲಾವಂಚ. ನಾನು ಕೋಲಾರದಿಂದ ಒಂದು ಕಟ್ಟು ತಂದೆ. ಬೇರನ್ನು ತೊಳೆದು, ತೆಳುಬಟ್ಟೆಯಲ್ಲಿ ಕಟ್ಟಿ, ಮರಳಿನ ಮೇಲೆ ಕೂರಿಸಿದ ಹೊಸ ಮಡಕೆಯ ನೀರಿಗೆ ಬಿಟ್ಟೆವು. ಮನೆಬಾವಿಯ ನೀರೇ. ಇದ್ದ ಸಿಹಿನೀರು ಅಡುಗೆಗೆ ಮಾತ್ರ ಸಾಲುವಷ್ಟಿತ್ತು. (ಯಾಕೆ ಅಷ್ಟೇ ಇತ್ತು ಎಂದು ನಾನು ಆಗ ಕೇಳಲಿಲ್ಲ.)

“ನಮ್ಮಮ್ಮ ಮಾಡ್ತಿದ್ದ ನೀರು ಕಣೋ ಇದು. ಒಂದ್ಸಲ ಕುಡಿದೋರು ಸಾಯೋಗಂಟ ಮರೀತಿರ್ಲಿಲ್ಲ” ಎಂದರು ಚಿಕ್ಕಮ್ಮ.

ಲಾವಂಚ ತಾ ಎಂದು ಹೇಳಿಕಳಿಸುವಾಗಲೂ ಅವರು ಇದನ್ನೇ ಹೇಳಿದ್ದರಿಂದ, ಹೊರಡುವ ಮುಂಚೆ ನಾನು ನಮ್ಮ ತಾಯಿಯನ್ನು ಕೇಳಿದ್ದೆ. ಅವರು ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ಅವರು ನಕ್ಕುಬಿಟ್ಟರು: “ಲಾವಂಚಾನಾ? ನಮ್ಮಮ್ಮ ನೀರಿಗೆ ಹಾಕ್ತಿದ್ದಿದ್ದು ನೀರೇ ಕಣೋ!”

ಅದೇ ತಾಯಿ, ಅದೇ ಮನೆ, ಅದೇ ಮಡಕೆ. ಯಾರನ್ನು ನಂಬುವುದು? ಬಾಲ್ಯದ ತಂಪುನೀರಿನ ಬಗ್ಗೆ ಯಾರು ಕಣ್ಣು ಮುಚ್ಚಿಕೊಂಡು ಮಾತನಾಡಿದರೂ ನನಗೆ ಈಗ ಅನುಮಾನ.

ನನ್ನದೂ ಒಂದು ಎಕ್ಸ್‌ಪೆರಿಮೆಂಟ್ ಇರಲಿ ಎಂದು ಸೌತೆಕಾಯಿಯ ಬಿಲ್ಲೆಗಳನ್ನು ಹಾಕೋಣ ಎಂದೆ.

“ಸೌತೇಕಾಯಿ ತೊಳೆದ ನೀರು ಕೊಟ್ರು ಅಂತ ಊರೆಲ್ಲ ಹೇಳ್ಕಂಡು ಬರ್ತಾರೆ. ನಿನ್ನ ಬುದ್ಧಿ ನೀನು ಬರಿಯೋ ಪೇಪರಲ್ಲೇ ಇಟ್ಕೋ!”

ಕೊನೆಗೆ ಚಿಕ್ಕಮ್ಮ ನಿಂಬೆಸಿಪ್ಪೆ, ಪುದೀನ, ಎರಡು ಏಲಕ್ಕಿಗೆ ಒಪ್ಪಿದರು. ಬೆಳಿಗ್ಗೆ ರುಚಿ ನೋಡಿದೆ. ಮೂಗಿಗೆ ಎಷ್ಟು ಸಂತೋಷವಾಯಿತೆಂದರೆ, ನಾಲಿಗೆ ಪ್ರಶ್ನೆಯನ್ನೇ ಕೇಳಲಿಲ್ಲ.

ನೆಂಟರು ಬಂದರು. ಹೆಣ್ಣಿನ ತಂದೆ ಮೂರು ಲೋಟ ಕುಡಿದರು. ಅವರ ತಮ್ಮ “ಸೆಂಟು ಹಾಕಿದೀರಾ?” ಎಂದು ಕೇಳಿ ಇನ್ನೊಂದು ಲೋಟ ಕುಡಿದರು. ಚಿಕ್ಕಮ್ಮನ ಕಣ್ಣಿನಲ್ಲಿ ಆಗಲೇ ಚಪ್ಪರ ಎದ್ದಿತ್ತು.

ಅಜ್ಜಿ ಮಾತ್ರ ಒಂದೇ ಗುಟುಕು ಕುಡಿದು “ಬಾಗುಂದಿ” ಎಂದು ತೆಲುಗಿನಲ್ಲಿ ಹೊಗಳಿ ಲೋಟ ಕೆಳಗಿಟ್ಟರು. ಆಮೇಲೆ ಮನೆ ನೋಡುವ ನೆಪದಲ್ಲಿ ಸೀದಾ ಅಡುಗೆಮನೆಗೆ ಹೋದರು. ಒಪ್ಪಿಗೆಯಾದರೆ ಬಡಿಸೋಣ ಎಂದು ಚಿಕ್ಕಮ್ಮ ಮಾಡಿಟ್ಟಿದ್ದ ಅಡುಗೆ ಅಲ್ಲಿತ್ತು. ಸೌಟಿನಲ್ಲಿ ಒಂದಿಷ್ಟು ಬೇಳೆ ತೆಗೆದು, ಎರಡು ಬೆರಳಿನಲ್ಲಿ ಹಿಸುಕಿ ನೋಡಿದರು. ಬೇಳೆ ಕರಗಿಹೋಯಿತು. ಹೊರಗೆ ಬಂದು ಆ ಪ್ರಶ್ನೆ ಕೇಳಿದರು.

ಅಜ್ಜಿಯೇ ಮುಂದುವರಿಸಿದರು: “ಕುಡಿಯೋ ನೀರಿನ ಉಪ್ಪನ್ನ ಲಾವಂಚದಲ್ಲಿ ಮುಚ್ಚಿದೀಯ, ಸರಿ. ಬೇಳೆ ನೋಡಿದ್ರೆ ಬೆಣ್ಣೆ. ನಿನ್ನ ಸೊಂಟ ನೋಡಿದ್ರೆ ನೆಟ್ಟಗೆ ನಿಲ್ಲಲ್ಲ. ಸಿಹಿನೀರು ಗುಡ್ಡದಾಚೆ ಅಂತ ಗಾಡಿಯೋನು ಹೇಳ್ದ. ಅಷ್ಟು ದೂರದಿಂದ ತರೋರು ಯಾರು? ನಾಳೆ ನನ್ನ ಮೊಮ್ಮಗಳೇ ಅಲ್ವಾ?”

“ಇಲ್ಲಮ್ಮ, ಆಳು ತರ್ತಾನೆ.”

ಕಂಬಕ್ಕೆ ಒರಗಿ ನಿಂತಿದ್ದ ಮುನಿವೆಂಕಟ ಬಾಯಿ ಬಿಟ್ಟ. “ಯಾವ ಆಳಮ್ಮ? ನಾನೇ ಅಲ್ವಾ ತರೋದು.”

“ಲೋ, ಬಾಯ್ಮುಚ್ಚೋ!”

ಆಗ ನನಗೆ ತಿಳಿಯಿತು. ಚಿಕ್ಕಮ್ಮ ಮುಚ್ಚಿಡಲು ಹೊರಟಿದ್ದು ಉಪ್ಪನ್ನಲ್ಲ, ಮಗನನ್ನು. ಅವರ ಸೊಂಟ ಬಿದ್ದಾಗಿನಿಂದ ನೀರು ತರುವವನು ಅವನು. ಗಂಡಸು ಬಿಂದಿಗೆ ಹಿಡಿದದ್ದು ನೆಂಟರ ಕಣ್ಣಿಗೆ ಬಿದ್ದರೆ ಏನು ಗತಿ? ಅದಕ್ಕೇ ಆ ದಿನ ಬೆಳಕು ಹರಿಯುವ ಮುಂಚೆ ಒಂದೇ ಸಲ ಕಳಿಸಿ, ಮತ್ತೆ ಹೋಗಕೂಡದೆಂದು ತಡೆದಿದ್ದರು.

ಹೆಣ್ಣಿನ ಚಿಕ್ಕಪ್ಪ ಮೀಸೆಯಡಿ ನಕ್ಕರು. “ಏನಪ್ಪಾ, ಗಂಡಸಾಗಿ ನೀರು ಹೊರ್ತೀಯಾ?”

“ನಾನು ಹೊರಲ್ಲ ಮಾವ, ಸೈಕಲ್ ಹೊರುತ್ತೆ.”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. “ತೋರ್ಸು” ಎಂದರು.

ಸೈಕಲ್ಲು ಕೊಟ್ಟಿಗೆಯಲ್ಲಿ, ರಾಗಿಹುಲ್ಲಿನ ಅಡಿಯಲ್ಲಿತ್ತು. (ಅಡಗಿಸಿದ್ದು ಯಾರೆಂದು ಹೇಳಬೇಕಾಗಿಲ್ಲ.) ಕ್ಯಾರಿಯರ್ ಎರಡೂ ಕಡೆ ಬಾಗಿತ್ತು. ಬಿಂದಿಗೆ ಕಟ್ಟುವ ಹಗ್ಗವನ್ನು ಅಜ್ಜಿ ಹಿಡಿದು ನೋಡಿದರು. ಇನ್ನೂ ಒದ್ದೆ.

“ಮದುವೆ ಆದ್ಮೇಲೂ ತರ್ತೀಯೋ, ಇಲ್ಲಾ ಹೆಂಡ್ತಿ ಬಂದ್ಲು ಅಂತ ಸೈಕಲ್ ಮಾರ್ಕೋತೀಯೋ?”

ಬೇರೆ ಯಾರಾದರೂ ಆಗಿದ್ದರೆ ದೇವರ ಮೇಲೆ ಆಣೆ ಇಡುತ್ತಿದ್ದರು. ನಮ್ಮವನು ಚಕ್ರದ ಕಡೆ ನೋಡಿದ. ಟೈರು ಸವೆದು ದಾರ ಕಾಣುತ್ತಿತ್ತು.

“ಟೈರು ಇರೋಗಂಟ ತರ್ತೀನಜ್ಜಿ. ರಬ್ಬರೆಲ್ಲ ಈ ಯುದ್ಧಕ್ಕೇ ಹೋಗ್ತಿದೆ, ಹೊಸಾದು ಎಲ್ಲಿ ಸಿಗುತ್ತೆ?”

ನೆಂಟರು ಊಟ ಮಾಡದೆ ಹೊರಟರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಮಗನ ಕಡೆ ತಿರುಗಿದರು. “ಇನ್ನೊಂದು ಗಳಿಗೆ ಬಾಯಿ ಮುಚ್ಕೊಂಡಿರೋಕಾಗ್ಲಿಲ್ವೇನೋ ನಿನಗೆ?” ಅವನು ಮಡಕೆಯಿಂದ ಒಂದು ಲೋಟ ಲಾವಂಚದ ನೀರು ಬಗ್ಗಿಸಿ ಕೊಟ್ಟ. ಅವರು ಮುಟ್ಟಲಿಲ್ಲ.

ಮೊನ್ನೆ ಆ ಕಡೆಯಿಂದ ಬಂದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಅಜ್ಜಿಯ ಮಾತು ತಂದರು. ಒಪ್ಪಿಗೆ. ಲಗ್ನ ಕಟ್ಟಿಸಲು ಬರುತ್ತಾರೆ. ಲಾವಂಚ ಬೇಡವಂತೆ. ಒಂದು ಜೊತೆ ಟೈರು ಎಲ್ಲಿದ್ದರೂ ಹುಡುಕಿ ಅವರೇ ತರುತ್ತಾರಂತೆ.

ಚಿಕ್ಕಮ್ಮ ಈಗ ಊರಿಗೆಲ್ಲ ಏನು ಹೇಳುತ್ತಿದ್ದಾರೆ ಗೊತ್ತೇ? “ನಮ್ಮಮ್ಮನ ಲಾವಂಚದ ನೀರು. ಒಂದೇ ಗುಟುಕಿಗೆ ಆ ಮುದುಕಿ ಸೋತ್ಹೋದ್ಲು!” ಇನ್ನು ಹತ್ತು ವರ್ಷಕ್ಕೆ ಮುನಿವೆಂಕಟನ ಮಕ್ಕಳು ಕೇಳುವ ಕಥೆ ಇದೇ. ಅದರಲ್ಲಿ ಸೈಕಲ್ಲು ಇರುವುದಿಲ್ಲ, ಒದ್ದೆ ಹಗ್ಗ ಇರುವುದಿಲ್ಲ. ಘಮ ಮಾತ್ರ ಇರುತ್ತದೆ. ಅದಕ್ಕೇ, ನನ್ನ ನೆನಪೂ ಘಮಘಮಿಸಲು ಶುರುವಾಗುವ ಮುಂಚೆ ಅವಸರವಾಗಿ ಬರೆದುಬಿಟ್ಟಿದ್ದೇನೆ.

ಬೇಸಿಗೆ ಇನ್ನೂ ಇದೆ. ನೆಂಟರು ಬರುತ್ತಾರೆ. ನೀವೂ ಮಡಕೆಗೆ ಲಾವಂಚ ಹಾಕಿ, ಪುದೀನ ಹಾಕಿ, ಧೈರ್ಯವಿದ್ದರೆ ಸೌತೆಕಾಯಿಯನ್ನೂ ಹಾಕಿ. ಆದರೆ ನಿಮ್ಮ ಮನೆಯಲ್ಲಿ ಬೇಳೆ ಬೇಯುವ ನೀರು ಯಾರ ಸೊಂಟದ ಮೇಲೆ ಬರುತ್ತದೆ, ಸ್ವಾಮಿ?